ಫೆಬ್ರವರಿ ಹನ್ನೊಂದರ ರಜೆ

ನಮ್ಮ ಪತ್ರಿಕೆಯ ನಾಲ್ಕನೇ ಪುಟದಲ್ಲಿ, ಪದಬಂಧದ ಕೆಳಗೆ, ಹವಾಮಾನದ ಮೇಲೆ, ಎರಡು ಬೆರಳಗಲದ ಒಂದು ಅಂಕಣ ಬರುತ್ತದೆ. ‘ಇತಿಹಾಸದಲ್ಲಿ ಈ ದಿನ’. ಯಾವ ದೊರೆ ಪಟ್ಟಕ್ಕೇರಿದ, ಯಾವ ಹಡಗು ಮುಳುಗಿತು, ಯಾವ ವಿಜ್ಞಾನಿ ಹುಟ್ಟಿದ, ಯಾವ ಒಪ್ಪಂದಕ್ಕೆ ಸಹಿ ಬಿತ್ತು, ಹೀಗೆ ದಿನಕ್ಕೆ ಏಳೆಂಟು ಸಾಲು. ಅದನ್ನು ಮೂವತ್ತನಾಲ್ಕು ವರ್ಷ ಒಬ್ಬರೇ ಹೆಂಗಸು ಬರೆದರು. ಅಂಕಣದ ಕೆಳಗೆ ಅವರ ಹೆಸರು ಹಾಕುವ ರೂಢಿಯಿರಲಿಲ್ಲ. ಕಚೇರಿಯಲ್ಲಿ ಎದುರಿಗೆ ‘ಅಕ್ಕ’ ಅನ್ನುತ್ತಿದ್ದೆವು, ಬೆನ್ನ ಹಿಂದೆ ‘ಕ್ಯಾಲೆಂಡರಕ್ಕ’. ಈಗ ಆ ಅಂಕಣ ನನ್ನ ಕೈಯಲ್ಲಿದೆ. ಅದು ನನ್ನ ಕೈಗೆ ಹೇಗೆ ಬಂತು ಅನ್ನುವುದನ್ನು ಯಾರಿಗೂ ನೆಟ್ಟಗೆ ಹೇಳಿಲ್ಲ. ಹೆಂಡತಿಗೂ ಅರ್ಧವೇ ಹೇಳಿದ್ದು.

ಅಕ್ಕ ಪತ್ರಿಕೆಗೆ ಬಂದಾಗ ಟೈಪಿಸ್ಟು, ಇಪ್ಪತ್ತನಾಲ್ಕರ ಹುಡುಗಿ. ಆಗ ಈ ಅಂಕಣ ಬರೆಯುತ್ತಿದ್ದವರು ಒಬ್ಬ ಹಿರಿಯರು. ಯಾವುದೋ ಹಳೆಯ ಪುಸ್ತಕದಿಂದ ಕಣ್ಣು ಮುಚ್ಚಿಕೊಂಡು ಇಳಿಸುತ್ತಿದ್ದರು. ಒಂದು ದಿನ ಊರಿನ ಸಂಗೀತದ ಮೇಷ್ಟ್ರೊಬ್ಬರ ಪುಣ್ಯತಿಥಿ ಅಂತ ಹಾಕಿಬಿಟ್ಟರು. ಹತ್ತು ಗಂಟೆಗೆ ಆ ಸಂಗೀತದ ಮೇಷ್ಟ್ರೇ ಕೊಡೆ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದು, “ನನ್ನನ್ನ ಯಾವಾಗ ಕೊಂದ್ರಿ ಅಂತ ವರ್ಷವಾದ್ರೂ ಹೇಳಿ, ಮನೇಲಿ ಕೇಳ್ತಿದ್ದಾರೆ” ಅಂದರಂತೆ. ಅವತ್ತೇ ಸಂಪಾದಕರು ಸುತ್ತ ನೋಡಿ, “ಈ ಹುಡುಗಿ ಟೈಪ್ ಮಾಡುವಾಗ ತಪ್ಪು ಮಾಡಲ್ಲ, ಇವಳಿಗೆ ಕೊಡಿ” ಅಂದರು. ಯಾರಿಗೂ ಬೇಡದ ಕೆಲಸ ಅವರ ಮಡಿಲಿಗೆ ಬಿತ್ತು.

ಅದನ್ನು ಅವರು ಮಾಡಿದ ರೀತಿಯೇ ಬೇರೆ. ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಹಳೆಯ ಸಂಚಿಕೆಗಳ ದಪ್ಪ ಬೈಂಡುಗಳು ಗೋಡೆಯುದ್ದಕ್ಕೂ ಪೇರಿಸಿದ್ದವು. ಅಲ್ಲಿ ತಲೆ ತಗ್ಗಿಸಿ ನಡೆಯಬೇಕಿತ್ತು. ಮೇಲೆ ಯಾರಾದರೂ ಮೆಟ್ಟಿಲಿಳಿದರೆ ಮೇಜಿನ ಮೇಲೆ ಸುಣ್ಣದ ಹುಡಿ ಉದುರುತ್ತಿತ್ತು. ಎದುರಿನ ಚಪ್ಪಲಿ ಅಂಗಡಿಯಿಂದ ಹನ್ನೆರಡು ಖಾಲಿ ಡಬ್ಬಿ ತಂದು ತಿಂಗಳಿಗೊಂದರಂತೆ ಸಾಲಾಗಿ ಇಟ್ಟುಕೊಂಡಿದ್ದರು. ಒಳಗೆ ದಿನದ ಲೆಕ್ಕದಲ್ಲಿ ಗಟ್ಟಿ ಕಾಗದದ ಚೀಟಿಗಳು, ಒಂದೊಂದು ಘಟನೆಗೆ ಒಂದೊಂದು ಚೀಟಿ, ಪ್ರತಿ ಚೀಟಿಯ ಬೆನ್ನಿಗೆ ಎರಡು ಆಧಾರ. ಎರಡು ಕಡೆ ಸಿಕ್ಕದಿದ್ದರೆ ಆ ಸಾಲು ಪತ್ರಿಕೆಗೆ ಹೋಗುತ್ತಿರಲಿಲ್ಲ, ಸಂಪಾದಕರೇ ಬಂದು ನಿಂತರೂ.

ನಾನು ಆಗ ಸುದ್ದಿ ವಿಭಾಗದಲ್ಲಿ ಉಪಸಂಪಾದಕ. ಸಂಜೆ ಪಾಳಿ. ಕೆಲಸ ಶುರುವಾಗುವ ಮೊದಲು ಒಂದು ಗಂಟೆ ಅವರ ಕೋಣೆಯಲ್ಲಿ ಕೂರುವುದು ಅಭ್ಯಾಸವಾಯಿತು. ಹಾಗೆ ಕೂತು ಕೂತು ಚೀಟಿ ಬರೆಯುವುದಕ್ಕೂ ಕೈ ಹಾಕಿದೆ. ಮೊದಲ ವಾರವೇ ರಷ್ಯಾದ ಅಕ್ಟೋಬರ್ ಕ್ರಾಂತಿಯ ಚೀಟಿಯನ್ನು ಅಕ್ಟೋಬರ್ ಡಬ್ಬಿಗೆ ಹಾಕಿ ಸುಮ್ಮನಾಗಿದ್ದೆ.

“ತಮ್ಮ, ಇದು ನವೆಂಬರ್ ಏಳು” ಅಂದರು.

“ಹೆಸರೇ ಅಕ್ಟೋಬರ್ ಕ್ರಾಂತಿ ಅಲ್ವಾ ಅಕ್ಕ?”

“ಅವರ ಹಳೇ ಕ್ಯಾಲೆಂಡರ್ ಹದಿಮೂರು ದಿನ ಹಿಂದಿತ್ತು. ಹೆಸರು ನೋಡಿ ತಾರೀಖು ಬರೀಬಾರದು. ಎರಡೂ ಡಬ್ಬೀಲಿ ಚೀಟಿ ಇಡು, ಯಾಕೆ ಅಂತಲೂ ಬರೆದಿಡು. ಮುಂದೆ ಬರೋರು ನಿನ್ನ ಹಾಗೇ ಬೀಳಬಾರದು ನೋಡು.”

ಚಂದ್ರನ ಮೇಲೆ ಮನುಷ್ಯ ಇಳಿದದ್ದಕ್ಕೂ ಅವರ ಬಳಿ ಎರಡು ಚೀಟಿಯಿದ್ದವು, ಜುಲೈ ಇಪ್ಪತ್ತಕ್ಕೊಂದು, ಇಪ್ಪತ್ತೊಂದಕ್ಕೊಂದು. ಯಾವ ದೇಶದ ಗಡಿಯಾರ ನೋಡುತ್ತೀರಿ ಅನ್ನುವುದರ ಮೇಲೆ ದಿನ ಬದಲಾಗುತ್ತದೆ ಅಂತ ಸಣ್ಣ ಅಕ್ಷರದಲ್ಲಿ ಟಿಪ್ಪಣಿ. ಓದುಗರು ಫೋನ್ ಮಾಡಿ ಜಗಳಕ್ಕೆ ನಿಂತರೆ ಅವರಿಗೆ ಹಬ್ಬವೇ. “ಒಂದು ನಿಮಿಷ ಇರಿ” ಅಂತ ಡಬ್ಬಿ ತೆಗೆದು, ಚೀಟಿ ಓದಿ, “ಇನ್ನೇನಾದ್ರೂ ಅನುಮಾನ ಇದೆಯಾ?” ಅನ್ನುವಾಗ ಅವರ ಮುಖದಲ್ಲಿ ಒಂದು ಗೆಲುವು ಇರುತ್ತಿತ್ತು.

ಕಚೇರಿಯಲ್ಲಿ ಎಲ್ಲರ ಹುಟ್ಟಿದ ದಿನವೂ ಅವರಿಗೆ ಬಾಯಿಪಾಠ. ಅವರದ್ದು ಯಾವತ್ತು ಅಂತ ಯಾರೂ ಕೇಳಿದವರಿಲ್ಲ. ವರ್ಷದಲ್ಲಿ ಅವರು ರಜೆ ಹಾಕುತ್ತಿದ್ದುದು ಒಂದೇ ದಿನ, ಫೆಬ್ರವರಿ ಹನ್ನೊಂದು. ಹಲ್ಲು ಡಾಕ್ಟರ ಹತ್ತಿರ ಹೋಗುತ್ತಾರೆ ಅಂತ ನಾವೇ ಅಂದುಕೊಂಡಿದ್ದೆವು.

ಅವರ ಐವತ್ತೆಂಟು ಹತ್ತಿರ ಬಂದ ವರ್ಷವೇ ಪತ್ರಿಕೆಗೆ ಎಪ್ಪತ್ತೈದು ತುಂಬುವುದಿತ್ತು, ನವೆಂಬರ್ ಒಂಬತ್ತಕ್ಕೆ. ಅಕ್ಕನ ಚೀಟಿಗಳನ್ನೆಲ್ಲ ಸೇರಿಸಿ ದಿನಕ್ಕೊಂದು ಪುಟದ ದೊಡ್ಡ ಸಂಪುಟ ತರುವುದೆಂದು ಎರಡು ವರ್ಷದ ಹಿಂದೆಯೇ ತೀರ್ಮಾನವಾಗಿತ್ತು. “ಸಂಗ್ರಹ ಅಂತ ನಿಮ್ಮ ಹೆಸರು ಮುಖಪುಟದಲ್ಲೇ ಹಾಕ್ತೀವಿ” ಅಂತ ಸಂಪಾದಕರು ಎಲ್ಲರ ಮುಂದೆ ಹೇಳಿದ್ದರು. ಅಕ್ಕ ಅವತ್ತಿನಿಂದ ಊಟದ ಡಬ್ಬಿಯನ್ನೂ ಮೇಜಿನ ಮೇಲೆ ಬಿಚ್ಚುತ್ತಿರಲಿಲ್ಲ, ಚೀಟಿಗೆ ಎಣ್ಣೆ ತಾಗೀತು ಅಂತ.

ಡಿಸೆಂಬರಿನಲ್ಲಿ ಆಡಳಿತ ವಿಭಾಗದಿಂದ ಒಂದು ಲಕೋಟೆ ಬಂತು. ‘ದಾಖಲೆಗಳ ಪ್ರಕಾರ ತಾವು ಏಪ್ರಿಲ್ ಮೂರರಂದು ಐವತ್ತೆಂಟು ವರ್ಷ ಪೂರೈಸುವುದರಿಂದ ಅಂದೇ ಸೇವೆಯಿಂದ ನಿವೃತ್ತರಾಗುತ್ತೀರಿ.’ ಅಕ್ಕ ಅದನ್ನು ಎರಡು ಸಲ ಓದಿ ನನ್ನ ಕೈಗೆ ಕೊಟ್ಟರು.

“ತಾರೀಖು ತಪ್ಪು” ಅಂದರು, ಅಚ್ಚಿನ ದೋಷ ತೋರಿಸುವವರ ಹಾಗೆ.

ಅವತ್ತೇ ನನ್ನನ್ನು ಮನೆಗೆ ಕರೆದುಕೊಂಡು ಹೋದರು. ಎರಡು ಕೋಣೆಯ ಬಾಡಿಗೆ ಮನೆ, ಅಕ್ಕ ಮತ್ತು ಅವರ ಅಮ್ಮ. ಅಕ್ಕ ಮದುವೆಯಾಗಿರಲಿಲ್ಲ. ಅಮ್ಮನಿಗೆ ಎಂಬತ್ತು ದಾಟಿತ್ತು, ಕಣ್ಣು ಮಂಜು, ನಾಲಗೆ ಮಾತ್ರ ಚುರುಕು. ಅಕ್ಕ ಚಹಾಕ್ಕೆ ನೀರಿಟ್ಟು, “ಅಮ್ಮ, ನಾನು ಹುಟ್ಟಿದ್ದು ಹೇಳು ಇವನಿಗೆ” ಅಂದರು.

“ಏನು ಹೇಳಲಿ ಮಗ” ಅಂತ ಮುದುಕಿ ನನ್ನ ಕಡೆ ತಿರುಗಿದರು. “ಅವತ್ತು ನಮ್ಮೂರ ಹೊಳೆಗೆ ಹೊಸ ಸೇತುವೆ ಆಗಿ, ಮಂತ್ರಿ ಬಂದಿದ್ದ. ನನಗೆ ಬೆಳಗಿನಿಂದ ನೋವು. ಇವಳಪ್ಪ ‘ಒಂದು ಗಳಿಗೆ, ನೋಡ್ಕೊಂಡು ಬಂದುಬಿಡ್ತೀನಿ’ ಅಂತ ಹೋದೋರು ಹೋದೋರೇ. ಬೀದೀಲಿ ಒಂದು ನರಪಿಳ್ಳೆ ಇಲ್ಲ. ಸೂಲಗಿತ್ತೀನೂ ಸೇತುವೆಗೇ ಹೋಗಿದ್ಲು! ಪಕ್ಕದ ಮನೆ ಕುಂಟಜ್ಜಿ ಒಬ್ಬಳು ನಡೆಯೋಕಾಗದೆ ಉಳಿದಿದ್ಲು, ಅವಳೇ ಗೋಡೆ ಹಿಡ್ಕೊಂಡು ಬಂದು ಇವಳನ್ನ ಕೈಗೆ ತಗೊಂಡಳು. ಇವಳು ಕಿಟಾರನೆ ಕಿರುಚೋದೂ, ಅಲ್ಲಿ ಬ್ಯಾಂಡು ಬಾರಿಸೋದೂ ಒಂದೇ ಆಯ್ತು. ಇವಳಪ್ಪ ಬಂದು ಮೊದಲು ಸೇತುವೆ ವರ್ಣನೆ ಮಾಡಿ ಮುಗಿಸಿದ್ರು. ಆಮೇಲೆ ಮಗು ಮುಖ ನೋಡಿದ್ರು.”

ಶಾಲೆಯ ಕಥೆಯನ್ನೂ ಅವರೇ ಹೇಳಿದರು. ಆರು ತುಂಬದೆ ಸೇರಿಸಿಕೊಳ್ಳುತ್ತಿರಲಿಲ್ಲ. ಅಮ್ಮ ಕೂಲಿಗೆ ಹೋಗಬೇಕು, ಮಗುವನ್ನು ನೋಡಿಕೊಳ್ಳುವವರಿಲ್ಲ. ಅಪ್ಪ ಹೋಗಿ ಆರು ತುಂಬಿದೆ ಅಂದರು. ಮೇಷ್ಟ್ರು ತಲೆ ಎತ್ತದೆ ಹುಟ್ಟಿದ್ದಕ್ಕೆ ಹಿಂದಿನ ವರ್ಷದ ಏಪ್ರಿಲ್ ಮೂರು ಅಂತ ಗೀಚಿದರು. ಹುಟ್ಟುವ ಮೊದಲೇ ಹತ್ತು ತಿಂಗಳು ವಯಸ್ಸಾಗಿಬಿಟ್ಟಿತು.

ಅಕ್ಕ ಇಪ್ಪತ್ತು ವರ್ಷದ ಹಿಂದೆಯೇ ನಮ್ಮ ಪತ್ರಿಕೆಯ ಬೈಂಡಿನಲ್ಲಿ ಆ ಸೇತುವೆಯನ್ನು ಹುಡುಕಿ ತೆಗೆದಿದ್ದರು. ಫೆಬ್ರವರಿ ಹನ್ನೆರಡರ ಸಂಚಿಕೆ, ಮೂರನೇ ಪುಟ: ‘ನಿನ್ನೆ ಸೇತುವೆ ಉದ್ಘಾಟನೆ’. ಪ್ರತಿ ವರ್ಷದ ಆ ರಜೆಯ ಅರ್ಥ ನನಗೆ ಅವತ್ತು ತಿಳಿಯಿತು. ತಾಯಿ ಮಗಳು ಇಬ್ಬರೇ ಕೂತು ಊಟ ಮಾಡುವ ದಿನ ಅದು.

“ಹತ್ತು ತಿಂಗಳು ಸಿಕ್ಕಿದ್ರೆ ಸಂಪುಟ ಮುಗಿಸಿ, ನನ್ನ ಕೈಯಿಂದಲೇ ಅಚ್ಚಿಗೆ ಕೊಟ್ಟು ಹೋಗ್ತೀನಿ” ಅಂದರು ಅಕ್ಕ. “ಅರ್ಜಿ ಕೊಡ್ತೀನಿ. ನೀನೂ ಜೊತೆಗಿರು.”

“ಇರ್ತೀನಿ ಅಕ್ಕ” ಅಂದೆ. ಆಗ ಮನಸ್ಸಿನಲ್ಲಿ ಏನೂ ಇರಲಿಲ್ಲ, ಆಣೆ ಮಾಡಿ ಹೇಳುತ್ತೇನೆ.

ಒಂದು ಭಾನುವಾರ ಇಬ್ಬರೂ ಬಸ್ಸು ಹಿಡಿದು ಅವರು ಹುಟ್ಟಿದ ಊರಿಗೆ ಹೋದೆವು. ಒಂದು ಗಂಟೆ ಪ್ರಯಾಣ. ಸೇತುವೆಯ ಆ ತುದಿಯಲ್ಲಿ, ಟಯರು ಅಂಗಡಿಯ ಪಕ್ಕ, ಶಿಲಾಫಲಕ ಇತ್ತು. ಅಕ್ಕ ಸೆರಗಿನಿಂದ ಧೂಳು ಒರೆಸಿದರು. ಅಕ್ಷರ ಮೇಲೆದ್ದಿತು: ಡಿಸೆಂಬರ್ ಇಪ್ಪತ್ತು.

ನಾನು ಬೆಚ್ಚಿದೆ. ಅಕ್ಕ ನಕ್ಕರು. “ಕಲ್ಲು ಸುಳ್ಳು ಹೇಳ್ತಿದೆ ತಮ್ಮ. ಡಿಸೆಂಬರಲ್ಲಿ ಮಾಡಬೇಕು ಅಂತ ಕಲ್ಲು ಕೆತ್ತಿಸಿ ಇಟ್ಟಿದ್ರು. ಮಂತ್ರಿಗೆ ಹುಷಾರು ತಪ್ಪಿ ಮುಂದಕ್ಕೆ ಹೋಯ್ತು. ಅದೂ ನಮ್ಮ ಪೇಪರಲ್ಲಿ ಬಂದಿದೆ, ಡಿಸೆಂಬರ್ ಹತ್ತೊಂಬತ್ತಕ್ಕೆ. ಮತ್ತೆ ಕಲ್ಲು ಕೆತ್ತಿಸೋ ಕಷ್ಟ ಯಾರಿಗೆ ಬೇಕು?” ಆಮೇಲೆ ಸ್ವಲ್ಪ ಯೋಚಿಸಿ ಅಂದರು: “ಇದನ್ನ ಮುಚ್ಚಿಡೋದು ಬೇಡ. ಅರ್ಜಿ ವಿಚಾರಣೆಗೆ ಕರೆದಾಗ ಎರಡೂ ಕಟಿಂಗ್ ಮುಂದಿಟ್ಟು ನಾನೇ ವಿವರಿಸ್ತೀನಿ. ಬರೀ ಕಲ್ಲಿನ ಮಾತು ಮೊದಲು ಅವರ ಕಿವಿಗೆ ಬಿದ್ರೆ ಗೊಂದಲ ಮಾಡ್ತಾರೆ.”

ವಾಪಸ್ ಬರುವಾಗ ಬಸ್ಸಿನಲ್ಲಿ ನನ್ನ ಭುಜಕ್ಕೆ ತಲೆಯಾನಿಸಿ ನಿದ್ದೆ ಹೋದರು.

ಹತ್ತು ದಿನ ಕಳೆದು ಆಡಳಿತದ ಮ್ಯಾನೇಜರ್ ನನ್ನನ್ನು ಕರೆದರು. ಆತ ಎದುರಿಗಿದ್ದವರನ್ನು ನೋಡದೆ, ಮೇಜಿನ ಗಾಜು ಒರೆಸುತ್ತಾ ಮಾತಾಡುವ ಮನುಷ್ಯ.

“ಅಕ್ಕ ಹೋದ್ಮೇಲೆ ಆ ಕೋಣೆ, ಅಂಕಣ, ಸಂಪುಟ ಎಲ್ಲ ನೋಡ್ಕೊಳ್ಳೋಕೆ ಒಬ್ಬರು ಬೇಕು. ಹಗಲು ಕೆಲಸ. ನಿನ್ನ ಹೆಸರು ಸಂಪಾದಕರ ತಲೇಲಿದೆ. ಆದ್ರೆ ಈಗ ಈ ಅರ್ಜಿ ಒಂದು ಅಡ್ಡ ಬಂದಿದೆ.”

ನಾನು ಒಂಬತ್ತು ವರ್ಷದಿಂದ ಸಂಜೆ ಪಾಳಿ. ನನ್ನ ಮಗಳು ಎಚ್ಚರವಿದ್ದಾಗ ನಾನು ಮನೆಯಲ್ಲಿರುತ್ತಿರಲಿಲ್ಲ. ಹಗಲು ಕೆಲಸ ಅನ್ನುವ ಮಾತು ನನ್ನ ಒಳಗೆ ಹೋಗಿ ಕೂತುಬಿಟ್ಟಿತು.

“ನೀನು ಆ ಸೇತುವೆಗೆ ಹೋಗಿದ್ಯಂತಲ್ಲ. ಅಲ್ಲಿ ಕಲ್ಲೇನಾದ್ರೂ ಇದೆಯಾ?”

“ಇದೆ ಸರ್.”

“ಏನಂತ ತಾರೀಖು?”

“ಡಿಸೆಂಬರ್ ಇಪ್ಪತ್ತು” ಅಂದೆ.

ಅಷ್ಟೇ ಅಂದದ್ದು. ಮಂತ್ರಿಯ ಕಾಯಿಲೆ, ಹತ್ತೊಂಬತ್ತರ ಸಂಚಿಕೆ, ಎಲ್ಲ ನಾಲಗೆಯ ತುದಿಯಲ್ಲೇ ಇತ್ತು. ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಹೊರಗೆ ಬಂದು ಎರಡು ಲೋಟ ನೀರು ಕುಡಿದೆ.

ವಿಚಾರಣೆಯ ದಿನ ಸಂಪಾದಕರೂ ಇದ್ದರು. ನನ್ನನ್ನೂ ಕರೆದು ಗೋಡೆಯ ಪಕ್ಕದ ಕುರ್ಚಿಯಲ್ಲಿ ಕೂರಿಸಿದ್ದರು. ಅಕ್ಕ ಇಸ್ತ್ರಿ ಮಾಡಿದ ಸೀರೆಯುಟ್ಟು, ಕಡತ ಎದೆಗವಚಿಕೊಂಡು ಬಂದರು. ನನ್ನನ್ನು ಕಂಡು ಮುಖ ಅರಳಿತು. ತನ್ನ ಪರವಾಗಿ ಬಂದಿದ್ದಾನೆ ಅಂದುಕೊಂಡರು.

“ಚೆನ್ನಾಗಿ ಜೋಡಿಸಿದ್ದೀರ ಅಕ್ಕ” ಅಂದರು ಮ್ಯಾನೇಜರ್, ಮೊದಲ ಕಟಿಂಗ್ ನೋಡಿ. “ಆದ್ರೆ ಇದು ಪೇಪರ್ ಕಟಿಂಗು.”

“ನಮ್ಮ ಪೇಪರೇ ಸರ್.”

“ಅದಕ್ಕೇ ಹೇಳ್ತಿರೋದು. ಪೇಪರಲ್ಲಿ ಬಂದಿದ್ದೆಲ್ಲ ನಿಜ ಅಂತ ನಾವೇ ಹೇಳೋಕಾಗುತ್ತಾ?”

ಸಂಪಾದಕರು ನಕ್ಕರು. ಅಕ್ಕ ನಗಲಿಲ್ಲ. ಶಾಲೆಯ ರಿಜಿಸ್ಟರಿನ ನಕಲು ಮುಂದೆ ಸರಿಸಿದರು.

“ಆ ವರ್ಷ ಸೇರಿದ ಹದಿನೇಳು ಮಕ್ಕಳಿಗೂ ಏಪ್ರಿಲ್ ಮೂರು ಅಂತಲೇ ಬರೆದಿದ್ದಾರೆ ಸರ್. ಒಂದೇ ಊರಲ್ಲಿ ಒಂದೇ ದಿನ ಹದಿನೇಳು ಮಕ್ಕಳು ಹುಟ್ಟಿದ್ವಾ?”

“ಅದು ನನಗೆ ಗೊತ್ತಿಲ್ಲ. ಶಾಲೆ ಏಪ್ರಿಲ್ ಮೂರು ಅನ್ನುತ್ತೆ. ನಿಮ್ಮಮ್ಮ ಫೆಬ್ರವರಿ ಅಂತಾರೆ. ಸೇತುವೆ ಮೇಲಿನ ಸರ್ಕಾರಿ ಕಲ್ಲು ಡಿಸೆಂಬರ್ ಅನ್ನುತ್ತೆ. ಒಬ್ಬರಿಗೆ ಎಷ್ಟು ಸಲ ಹುಟ್ಟೋ ಹಕ್ಕಿದೆ? ಎರಡು ಸಾಕ್ಷಿ ಕೂಡದೆ ಒಂದು ಸಾಲೂ ಹಾಕಲ್ಲ ಅಂತ ನೀವೇ ತಾನೆ ಎಲ್ಲರಿಗೂ ಪಾಠ ಹೇಳೋದು?”

ಅಕ್ಕನ ಕೈ ಕಡತದ ಮೇಲೆ ನಿಂತಿತು. “ಕಲ್ಲಿನ ವಿಷಯ ನಿಮಗೆ ಯಾರು ಹೇಳಿದ್ರು?”

ನಾನು ಮೇಜಿನ ಮೇಲಿನ ಪೆನ್ನುಗಳನ್ನು ಎಣಿಸುತ್ತಿದ್ದೆ.

“ಹೇಳಿದವರು ಯಾಕೆ ಮುಂದಕ್ಕೆ ಹೋಯ್ತು ಅಂತಲೂ ಹೇಳಿದ್ರಾ?”

ಮ್ಯಾನೇಜರ್ ನನ್ನ ಕಡೆ ನೋಡಿದರು. “ಏನಪ್ಪಾ? ಬೇರೆ ಏನಾದ್ರೂ ಇದೆಯಾ?”

“ನನಗೆ ಸರಿಯಾಗಿ ನೆನಪಿಲ್ಲ ಸರ್” ಅಂದೆ.

ಅಕ್ಕ ನನ್ನನ್ನು ನೋಡಿದರು. ಸಿಟ್ಟಿನಿಂದಲ್ಲ. ಚೀಟಿಯ ಬೆನ್ನು ತಿರುಗಿಸಿ ಆಧಾರ ಕಾಣದಿದ್ದಾಗ ನೋಡುತ್ತಿದ್ದ ಹಾಗೆ. ಹತ್ತೊಂಬತ್ತರ ಕಟಿಂಗನ್ನು ತೆಗೆದು ಮೇಜಿನ ಮೇಲಿಟ್ಟರು. ಮ್ಯಾನೇಜರ್ ಅದನ್ನು ಓದದೆ ಉಳಿದವುಗಳ ಮೇಲೆ ಹಾಕಿ, “ನೋಡೋಣ” ಅಂದರು. ನಾಲ್ಕು ದಿನಕ್ಕೆ ಅರ್ಜಿ ತಿರಸ್ಕೃತವಾಯಿತು.

ಅಲ್ಲಿಂದ ಏಪ್ರಿಲ್‌ವರೆಗೆ ಅಕ್ಕ ಕೆಲಸ ಬಿಡಲಿಲ್ಲ. ನನ್ನ ಜೊತೆ ಮಾತಾಡುವುದನ್ನೂ ಬಿಡಲಿಲ್ಲ, ಅದೇ ನನಗೆ ಹಿಂಸೆ. ಯಾವ ಡಬ್ಬಿಯಲ್ಲಿ ಯಾವುದಿದೆ, ಯಾವ ಪುಸ್ತಕ ನಂಬಬಾರದು, ಎಲ್ಲ ಹೇಳಿಕೊಟ್ಟರು. ‘ತಮ್ಮ’ ಅನ್ನುವ ಮಾತೊಂದು ಬಿಟ್ಟುಹೋಗಿತ್ತು. ‘ನೀವು’ ಅನ್ನುತ್ತಿದ್ದರು.

ಏಪ್ರಿಲ್ ಮೂರರ ಅಂಕಣವನ್ನು ಅವರೇ ಬರೆದಿಟ್ಟಿದ್ದರು. ಹಿಂದಿನ ದಿನ ಸಂಪಾದಕರು ನನ್ನನ್ನು ಕರೆದು, “ಕೊನೇಲಿ ಒಂದು ಸಾಲು ಸೇರಿಸು, ಅಕ್ಕನಿಗೆ ಖುಷಿಯಾಗಲಿ” ಅಂದರು. ಸೇರಿಸಿದೆ. ‘ಇಂದು ಈ ಅಂಕಣವನ್ನು ಮೂವತ್ತನಾಲ್ಕು ವರ್ಷ ಬರೆದವರ ಜನ್ಮದಿನ’ ಅಂತ, ಅವರ ಪೂರ್ತಿ ಹೆಸರಿನ ಜೊತೆಗೆ. ಆ ಪತ್ರಿಕೆಯಲ್ಲಿ ಅವರ ಹೆಸರು ಅಚ್ಚಾದದ್ದು ಅದೊಂದೇ ಸಲ.

ಮಧ್ಯಾಹ್ನ ಬೀಳ್ಕೊಡುಗೆ. ಸಂಪಾದಕರು ಅರ್ಧ ಗಂಟೆ ಹೊಗಳಿದರು. ನಡೆದಾಡುವ ವಿಶ್ವಕೋಶ ಅಂದರು. ಅಕ್ಕನನ್ನು ಎರಡು ಮಾತಾಡಿ ಅಂದಾಗ ಎದ್ದು, ಮಡಿಸಿಟ್ಟುಕೊಂಡಿದ್ದ ಪತ್ರಿಕೆ ಬಿಡಿಸಿದರು.

“ಇವತ್ತಿನ ಅಂಕಣದಲ್ಲಿ ಕೊನೇ ಸಾಲು ತಪ್ಪಿದೆ. ನಾಳೆ ತಿದ್ದುಪಡಿ ಹಾಕಬೇಕು.”

ಇಡೀ ಸಭೆ ಗೊಳ್ಳೆಂದು ನಕ್ಕಿತು. “ಕೊನೇ ದಿನಾನೂ ಬಿಡಲ್ಲ ನೋಡಿ ನಮ್ಮ ಅಕ್ಕ!” ಅಂತ ಯಾರೋ ಕೂಗಿದರು, ಚಪ್ಪಾಳೆ ಬಿತ್ತು. ಚಪ್ಪಾಳೆ ನಿಲ್ಲುವವರೆಗೆ ಅವರು ನಿಂತೇ ಇದ್ದರು. ಆಮೇಲೆ ಕೂತರು. ಅಷ್ಟೇ ಅವರ ಭಾಷಣ. ಹನ್ನೆರಡು ಡಬ್ಬಿಗಳನ್ನು ಮನೆಗೆ ಒಯ್ಯಲೇ ಅಂತ ಕೇಳಿದಾಗ ಮ್ಯಾನೇಜರ್, ಅವು ಕಚೇರಿಯ ಆಸ್ತಿ ಅಂದರು. ಮರುದಿನ ಬೆಳಗ್ಗೆ ಅಕ್ಕನ ಫೋನು ಬಂತು. “ತಿದ್ದುಪಡಿ ಬಂದಿಲ್ಲ” ಅಂದರು. “ಕೇಳ್ತೀನಿ ಅಕ್ಕ” ಅಂದೆ. ಸಂಪಾದಕರನ್ನು ಕೇಳಿದ್ದಕ್ಕೆ, “ಹುಚ್ಚಾ ನಿನಗೆ? ದಾಖಲೆಗೆ ವಿರುದ್ಧವಾಗಿ ನಾವೇ ಹಾಕೋದಾ?” ಅಂದರು. ಮತ್ತೆ ಎರಡು ದಿನ ಫೋನು ಬಂತು. ನಾನು ಎತ್ತಲಿಲ್ಲ.

ನವೆಂಬರಿನಲ್ಲಿ ಸಂಪುಟ ಬಂತು. ಮುಖಪುಟದಲ್ಲಿ ‘ಸಂಗ್ರಹ’ ಅಂತ ನನ್ನ ಹೆಸರಿತ್ತು. ಅಕ್ಕನ ಹೆಸರನ್ನೂ ಹಾಕೋಣ ಅಂತ ಒಂದು ಸಲ ಬಾಯಿಬಿಟ್ಟೆ, “ಈಗವರು ಸಿಬ್ಬಂದಿಯಲ್ಲವಲ್ಲ” ಅನ್ನುವ ಉತ್ತರಕ್ಕೆ ಬಾಯಿಮುಚ್ಚಿದೆ. ಒಂದು ಪ್ರತಿಯನ್ನು ಅವರಿಗೆ ಅಂಚೆಯಲ್ಲಿ ಕಳಿಸಿದೆ. ಹನ್ನೆರಡು ದಿನಕ್ಕೆ ವಾಪಸ್ ಬಂತು. ಪತ್ರವಿರಲಿಲ್ಲ. ಒಳಗೆ ನಲವತ್ತೊಂದು ಕಡೆ ಪೆನ್ಸಿಲಿನ ಸಣ್ಣ ಗುರುತು. ಕೂತು ತಾಳೆ ನೋಡಿದೆ. ನಲವತ್ತೊಂದೂ ನಾನು ಆತುರದಲ್ಲಿ ಸೇರಿಸಿದ ಸಾಲುಗಳು, ಅವರ ಚೀಟಿಯದು ಒಂದೂ ಇರಲಿಲ್ಲ.

ಮರುವರ್ಷ ಮೆಟ್ಟಿಲ ಕೆಳಗಿನ ಕೋಣೆ ಜನರೇಟರಿಗೆ ಬೇಕಾಯಿತು. ಚೀಟಿಗಳನ್ನು ಕಂಪ್ಯೂಟರಿಗೆ ಏರಿಸುತ್ತೇವೆ ಅಂದರು. ಮೇ ತಿಂಗಳ ಡಬ್ಬಿಯವರೆಗೆ ಏರಿಸಿದರು. ಉಳಿದ ಏಳನ್ನು ಹಿಂದಿನ ಶೆಡ್ಡಿನಲ್ಲಿಟ್ಟರು. ಮಳೆಗಾಲ ಕಳೆದು ಹೋಗಿ ನೋಡಿದರೆ ಮುದ್ದೆಯಾಗಿದ್ದವು, ರದ್ದಿಯವನು ಹೊತ್ತುಕೊಂಡು ಹೋದ. ಈಗ ನಾನು ಅಂತರ್ಜಾಲದಿಂದ ಇಳಿಸುತ್ತೇನೆ. ಒಂದು ಕಡೆ ಸಿಕ್ಕರೆ ಸಾಕು. ತಪ್ಪಾದರೂ ಫೋನು ಮಾಡುವವರಿಲ್ಲ.

ಚೀಟಿಗಳು ಹಾಳಾದ ವರ್ಷವೇ ಅಕ್ಕನ ಅಮ್ಮ ತೀರಿಕೊಂಡರು. ಸುದ್ದಿ ಕೇಳಿ ಹೋದೆ. ಮುಂಬಾಗಿಲ ಹತ್ತಿರ ನಾಲ್ಕೈದು ಜನ ನೆರೆಯವರು. ಅಕ್ಕ ಗೋಡೆಗೊರಗಿ ಕೂತಿದ್ದರು.

“ನಾನು ಹುಟ್ಟಿದ್ದನ್ನ ಕಂಡವರಲ್ಲಿ ಉಳಿದಿದ್ದವಳು ಇವಳೊಬ್ಬಳೇ” ಅಂದರು, ಯಾರನ್ನೂ ನೋಡದೆ.

ನೆರೆಯವರು ಆಚೆ ಹೋದ ಮೇಲೆ ನಾನು ಶುರುಮಾಡಿದೆ. “ಅಕ್ಕ, ಅವತ್ತು ಮ್ಯಾನೇಜರ್ ಮುಂದೆ ನಾನು...”

“ಕಲ್ಲಿನ ತಾರೀಖಿನಲ್ಲಿ ನೀವು ಸುಳ್ಳು ಹೇಳಲಿಲ್ಲ” ಅಂದರು. “ಸುಳ್ಳು ಹೇಳಿದ್ದಿದ್ರೆ ನಾನು ತಿದ್ದಬಹುದಿತ್ತು.” ಆಮೇಲೆ, ಧ್ವನಿ ಏರಿಸದೆ, “ಇನ್ನು ಬರಬೇಡಿ” ಅಂದರು.

ಹೋಗಲಿಲ್ಲ. ಮೂರು ವರ್ಷ ಕಳೆಯಿತು. ಹೋದ ತಿಂಗಳು ನಮ್ಮಪ್ಪ ತೀರಿಕೊಂಡರು. ಮರಣ ಪತ್ರದಲ್ಲಿ ಅವರ ಹೆಸರಿನ ಒಂದಕ್ಷರ ತಪ್ಪಾಗಿತ್ತು. ತಿದ್ದಿಸಲು ನೋಂದಣಿ ಕಚೇರಿಗೆ ಹೋದೆ. ಗುಮಾಸ್ತ, “ಅರ್ಜಿ ಹೊರಗೆ ಬರೆಸ್ಕೊಂಡು ಬನ್ನಿ. ಆ ಅಮ್ಮ ಬರೆದ್ರೆ ವಾಪಸ್ ಬರಲ್ಲ” ಅಂತ ಜಗಲಿಯ ಕಡೆ ಕೈ ತೋರಿಸಿದ.

ಜಗಲಿಯ ತುದಿಯಲ್ಲಿ ಮಡಚುವ ಮೇಜು ಹಾಕಿಕೊಂಡು ಅಕ್ಕ ಕೂತಿದ್ದರು. ತಲೆ ಪೂರ್ತಿ ಬೆಳ್ಳಗಾಗಿತ್ತು. ಮುಂದೆ ಏಳೆಂಟು ಜನರ ಸಾಲು, ಹೆಚ್ಚಿನವರು ಮಗುವಿನ ಜನನ ಪತ್ರಕ್ಕೆ ಬಂದ ಹೆಂಗಸರು. ಒಬ್ಬ ಬಾಣಂತಿಯನ್ನು ಗದರಿಸುತ್ತಿದ್ದರು: “ಸುಮಾರಾಗಿ ಅಂದ್ರೆ ಏನು? ಹೆತ್ತವಳು ನೀನಾ, ನಿನ್ನ ಅತ್ತೇನಾ? ಆಸ್ಪತ್ರೆ ಚೀಟಿ ತಗೊಂಡು ಬಾ, ಆಮೇಲೆ ಬರೀತೀನಿ.”

ವಾಪಸ್ ಹೋಗಿಬಿಡೋಣ ಅನ್ನಿಸಿತು. ಸಾಲಿನಲ್ಲೇ ನಿಂತೆ. ನನ್ನ ಸರದಿ ಬಂತು. ಅಕ್ಕ ತಲೆ ಎತ್ತಿದರು. ಗುರುತು ಹಿಡಿದರು, ಅದರಲ್ಲಿ ಅನುಮಾನವಿಲ್ಲ.

“ಯಾರದು?” ಅಂದರು.

“ಅಪ್ಪಂದು” ಅಂದೆ.

ಪತ್ರ ಈಸಿಕೊಂಡು ಎರಡೂ ಕಡೆ ಓದಿದರು. ಅಪ್ಪನ ಗುರುತಿನ ಚೀಟಿ ಕೇಳಿ ಅಕ್ಷರಕ್ಕೆ ಅಕ್ಷರ ತಾಳೆ ಮಾಡಿದರು. ಅದೇ ದುಂಡು ಅಕ್ಷರದಲ್ಲಿ ಹತ್ತು ನಿಮಿಷದಲ್ಲಿ ಅರ್ಜಿ ಬರೆದು, ಸಹಿ ಹಾಕುವ ಜಾಗಕ್ಕೆ ಬೆರಳಿಟ್ಟು ತೋರಿಸಿದರು. ಎಲ್ಲರಿಂದ ತೆಗೆದುಕೊಳ್ಳುವಷ್ಟೇ ಶುಲ್ಕ ನನ್ನಿಂದಲೂ ತೆಗೆದುಕೊಂಡು ಚಿಲ್ಲರೆ ಮರಳಿಸಿದರು.

“ಅಕ್ಕ...” ಅಂದೆ.

“ಮೂರನೇ ಕಿಟಕಿ” ಅಂದರು. “ಮುಂದಿನವರು ಬನ್ನಿ.”